ಓರಣ

ಮಳೆಗಾಲದ ಒಂದು ರಾತ್ರಿ. ಗಾಳಿ ಬಲವಾಗಿ ಬೀಸುತ್ತದೆ. ಊರಿನ ದೀಪಗಳೆಲ್ಲ ಒಮ್ಮೆಲೇ ಆರಿಹೋಗುತ್ತವೆ. ಒಂದು ಮನೆಯಲ್ಲಿ ಅಜ್ಜಿ ಕುಳಿತಲ್ಲಿಂದ ಎದ್ದು, ಗೋಡೆಯನ್ನು ತಡವುತ್ತ ನಾಲ್ಕು ಹೆಜ್ಜೆ ನಡೆದು, ಗೂಡಿನೊಳಗೆ ಕೈಯಿಡುತ್ತಾಳೆ. ಬೆಂಕಿಪೊಟ್ಟಣ ಅಲ್ಲಿದೆ; ಅದರ ಪಕ್ಕದಲ್ಲಿಯೇ ಮೇಣದ ಬತ್ತಿಯೂ ಇದೆ. ಕ್ಷಣಮಾತ್ರದಲ್ಲಿ ಮನೆ ಬೆಳಗುತ್ತದೆ. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಮಗುವೊಂದು ಜ್ವರದಿಂದ ನರಳುತ್ತಿದೆ. ಔಷಧದ ಸೀಸೆಯನ್ನು ಹುಡುಕಲು ಬೆಳಕು ಬೇಕು. ಬೆಳಕಿಗಾಗಿ ಬೆಂಕಿಪೊಟ್ಟಣವನ್ನು ಹುಡುಕಬೇಕು. "ಇಲ್ಲೇ ಇತ್ತಲ್ಲ, ಯಾರು ತೆಗೆದರು? ಎಲ್ಲಿಟ್ಟರು?" ಎಂಬ ಮಾತುಗಳು ಕತ್ತಲೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹಾಯುತ್ತವೆ. ಪಾತ್ರೆಗಳು ಉರುಳುತ್ತವೆ, ಮಗು ಮತ್ತಷ್ಟು ಅಳುತ್ತದೆ.

ಎರಡು ಮನೆಗಳಲ್ಲಿಯೂ ಬೆಂಕಿಪೊಟ್ಟಣವಿತ್ತು. ಆದರೆ ಒಂದು ಮನೆಯಲ್ಲಿ ಅದಕ್ಕೊಂದು ನೆಲೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ವಸ್ತು ಇರುವುದು ಬೇರೆ, ಬೇಕಾದಾಗ ಅದು ಕೈಗೆ ಸಿಕ್ಕುವುದು ಬೇರೆ. ಬೇಕಾದಾಗ ಸಿಕ್ಕದ ವಸ್ತು ಇದ್ದೂ ಇಲ್ಲದಂತೆಯೇ ಸರಿ. ಇರುವುದನ್ನು ಸಿಕ್ಕುವಂತೆ ಮಾಡುವ ಗುಣಕ್ಕೆ ಕನ್ನಡದಲ್ಲಿ ಓರಣವೆಂದು ಹೆಸರು.

ಓರಣವೆಂದರೆ ಕೇವಲ ಚೊಕ್ಕಟತನವಲ್ಲ. ನೆಲವನ್ನು ಗುಡಿಸಿ ಸಾರಿಸಿದ ಮನೆಯಲ್ಲಿಯೂ ಓರಣವಿಲ್ಲದಿರಬಹುದು. ಓರಣವೆಂದರೆ ಅಲಂಕಾರವೂ ಅಲ್ಲ. ಅತಿಥಿಗಳು ಬರುವರೆಂದು ಹರಡಿದ ಸಾಮಾನುಗಳನ್ನೆಲ್ಲ ಒಂದು ಕೋಣೆಗೆ ತುಂಬಿ ಬಾಗಿಲು ಹಾಕಿಕೊಂಡರೆ ಮನೆ ನೋಡುವವರ ಕಣ್ಣಿಗೆ ಅಂದವಾಗಿ ಕಂಡೀತು. ಆದರೆ ಮರುದಿನ ಬೇಕಾದ ವಸ್ತುವನ್ನು ಹುಡುಕುವವರ ಪಾಡು ಮೊದಲಿಗಿಂತ ಕೆಟ್ಟದಾಗುತ್ತದೆ. ಪ್ರತಿಯೊಂದು ವಸ್ತುವಿಗೂ ಒಂದು ನೆಲೆಯನ್ನು ಗೊತ್ತುಮಾಡುವುದು, ಬಳಸಿದ ಮೇಲೆ ಅದನ್ನು ಮರಳಿ ಅದೇ ನೆಲೆಗೆ ಸೇರಿಸುವುದು, ಬೇಡವಾದುದನ್ನು ಬೇಕಾದುದರಿಂದ ಬೇರ್ಪಡಿಸುವುದು: ಈ ಮೂರೂ ಕೂಡಿದಾಗ ಮಾತ್ರ ಓರಣ ಪೂರ್ಣವಾಗುತ್ತದೆ.

ನಮ್ಮ ಹಿಂದಿನ ಮನೆಗಳಲ್ಲಿ ಈ ವ್ಯವಸ್ಥೆ ಗೋಡೆಗಳ ರಚನೆಯಲ್ಲಿಯೇ ಅಡಗಿತ್ತು. ದೀಪಕ್ಕೆ ಗೂಡು, ಹಾಲು ಮೊಸರಿಗೆ ಬೆಕ್ಕಿಗೆ ನಿಲುಕದಂತೆ ತೂಗುಹಾಕಿದ ನೆಲುವು, ಬಟ್ಟೆಗೆ ಗಳು, ಕಾಳುಕಡ್ಡಿಗೆ ಉಗ್ರಾಣ, ವರುಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆಗಳಿಗೆ ಅಟ್ಟ. ಹೊಲದಿಂದ ಮರಳಿದ ರೈತ ಕುಡುಗೋಲನ್ನು ಸೂರಿಗೆ ಸಿಕ್ಕಿಸುತ್ತಿದ್ದನು. ಮರುದಿನ ಮುಂಜಾನೆಯ ಕತ್ತಲಲ್ಲಿ ಅದು ಕೈಗೆ ಸಿಕ್ಕಬೇಕೆಂಬುದು ಒಂದು ಕಾರಣ. ಅಂಗಳದಲ್ಲಿ ಆಡುವ ಮಕ್ಕಳ ಕೈಗೆ ಅದು ಸಿಕ್ಕಬಾರದೆಂಬುದು ಇನ್ನೊಂದು. ಯುಗಾದಿ, ದೀಪಾವಳಿಗಳಿಗೆ ಮುಂಚೆ ಸಾಮಾನುಗಳನ್ನು ಹೊರಗಿಟ್ಟು ಸುಣ್ಣ ಬಳಿಯುವ ವಾಡಿಕೆಯಿಂದ, ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ವರುಷಕ್ಕೊಮ್ಮೆಯಾದರೂ ಎಲ್ಲರಿಗೂ ತಿಳಿಯುತ್ತಿತ್ತು. ಆಯುಧಪೂಜೆಯ ದಿನ ಕಸುಬಿನ ಉಪಕರಣಗಳನ್ನು ತೊಳೆದು ಒರೆಸಿ ಸಾಲಾಗಿ ಇರಿಸುವಾಗ ತುಕ್ಕು ಹಿಡಿದದ್ದು ಯಾವುದು, ಹಿಡಿ ಸಡಿಲವಾದದ್ದು ಯಾವುದು ಎಂಬುದೂ ಬೆಳಕಿಗೆ ಬರುತ್ತಿತ್ತು.

ಇಂದು ಮನೆಗಳು ಚಿಕ್ಕವಾಗಿವೆ, ವಸ್ತುಗಳು ಹೆಚ್ಚಿವೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡದ್ದು, ಯಾರೋ ಕೊಟ್ಟರೆಂದು ಇಟ್ಟುಕೊಂಡದ್ದು, ಮುಂದೆಂದಾದರೂ ಬೇಕಾದೀತೆಂದು ಎತ್ತಿಟ್ಟದ್ದು, ಎಲ್ಲವೂ ಸೇರಿ ಮಂಚದ ಕೆಳಗೂ ಕಪಾಟಿನ ಮೇಲೂ ಬೆಳೆಯುತ್ತವೆ. ಕಡ್ಡಿ ಮುರಿದ ಕೊಡೆ, ನಿಂತುಹೋದ ಗಡಿಯಾರ, ಯಾವ ಬೀಗಕ್ಕೂ ಸೇರದ ಬೀಗದ ಕೈಗಳ ಗೊಂಚಲು, ಖಾಲಿ ಡಬ್ಬಿಗಳು ಇಲ್ಲದ ಮನೆ ವಿರಳ. ಇವುಗಳನ್ನು ಇಟ್ಟುಕೊಂಡವರು ಸೋಮಾರಿಗಳೆಂದು ಭಾವಿಸಬಾರದು. ಕೊರತೆಯನ್ನು ಕಂಡು ಬೆಳೆದವರಿಗೆ ಯಾವುದನ್ನೂ ಎಸೆಯಲು ಮನಸ್ಸು ಬಾರದು. ಮಿತವ್ಯಯ ದೊಡ್ಡ ಗುಣವೇ ಹೌದು. ಆದರೆ ವಸ್ತುವನ್ನು ಬಳಸುವುದು, ಕೆಟ್ಟರೆ ಸರಿಪಡಿಸುವುದು, ತನಗೆ ಬೇಡವಾದರೆ ಬೇಕಾದವರಿಗೆ ಮುಟ್ಟಿಸುವುದು ಮಿತವ್ಯಯ; ಯಾರಿಗೂ ಉಪಯೋಗವಾಗದಂತೆ ಮೂಲೆಯಲ್ಲಿ ಕೂಡಿಡುವುದು ಮಿತವ್ಯಯವಲ್ಲ. ಒಬ್ಬ ಹುಡುಗನಿಗೆ ಗಿಡ್ಡವಾದ ಸಮವಸ್ತ್ರ ಪೆಟ್ಟಿಗೆಯಲ್ಲಿ ಮೂರು ವರುಷ ಇದ್ದರೆ ನುಸಿಯ ಪಾಲಾಗುತ್ತದೆ. ಅದೇ ಬಟ್ಟೆ ಆ ವರುಷವೇ ಇನ್ನೊಬ್ಬ ಹುಡುಗನನ್ನು ಶಾಲೆಗೆ ಕಳುಹಿಸಬಲ್ಲದು. "ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು" ಎಂಬ ನಾಣ್ಣುಡಿ ಸಾಮಾನುಗಳ ವಿಷಯದಲ್ಲಿಯೂ ನಿಜ.

ಬೇಡವಾದುದನ್ನು ಕಳೆಯುವುದು ಓರಣದ ಮೊದಲ ಮೆಟ್ಟಿಲಾದರೆ, ಬೇಕಾದುದನ್ನು ಬಳಸಿ ಮರಳಿ ಅದರ ನೆಲೆಗೆ ಸೇರಿಸುವುದು ಎರಡನೆಯ ಮೆಟ್ಟಿಲು. ಇದಕ್ಕೆ ಅಚ್ಚುಕೂಟಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಪದ್ಧತಿ ಬರುವ ಮೊದಲು ಪ್ರತಿಯೊಂದು ಪುಟವನ್ನೂ ಸೀಸದ ಮೊಳೆಗಳಿಂದ ಜೋಡಿಸಬೇಕಾಗಿತ್ತು. ಕನ್ನಡದಲ್ಲಿ ಅಕ್ಷರ, ಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಅವುಗಳಿಗಾಗಿ ಮರದ ತಟ್ಟೆಗಳಲ್ಲಿ ಅಷ್ಟೇ ಸಣ್ಣ ಗೂಡುಗಳಿದ್ದವು. ಮೊಳೆ ಜೋಡಿಸುವವನ ಕಣ್ಣು ಹಸ್ತಪ್ರತಿಯ ಮೇಲಿದ್ದರೆ, ಬಲಗೈ ತಾನಾಗಿಯೇ ಬೇಕಾದ ಗೂಡಿಗೆ ಹೋಗಿ ಬೇಕಾದ ಅಕ್ಷರವನ್ನು ಎತ್ತಿಕೊಳ್ಳುತ್ತಿತ್ತು. ಪುಟ ಅಚ್ಚಾದ ಮೇಲೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಜೋಡಿಸಿದ ಮೊಳೆಗಳನ್ನೆಲ್ಲ ತೊಳೆದು, ಬಿಚ್ಚಿ, ಒಂದೊಂದನ್ನೂ ಅದರದರ ಗೂಡಿಗೆ ಮರಳಿ ಹಾಕಬೇಕಾಗಿತ್ತು. ಬೇಸರದಿಂದ 'ಪ' ಅಕ್ಷರವನ್ನು 'ವ' ಅಕ್ಷರದ ಗೂಡಿಗೆ ಹಾಕಿದರೆ ಆ ತಪ್ಪು ಆಗಲೇ ಕಾಣುತ್ತಿರಲಿಲ್ಲ. ಮರುದಿನ ಇನ್ನೊಬ್ಬನು ಜೋಡಿಸುವ ಇನ್ನೊಂದು ಪುಸ್ತಕದಲ್ಲಿ ಅದು ತಲೆಯೆತ್ತುತ್ತಿತ್ತು. ಮರಳಿ ಇಡುವುದು ಕೆಲಸದ ನಂತರದ ಕೆಲಸವಲ್ಲ, ಅದು ಕೆಲಸದ ಕೊನೆಯ ಭಾಗ ಎಂಬುದನ್ನು ಅಚ್ಚುಕೂಟದ ಕೆಲಸಗಾರರು ಚೆನ್ನಾಗಿ ಅರಿತಿದ್ದರು.

ಅಚ್ಚಾದ ಪುಸ್ತಕಗಳು ಸಾವಿರಗಟ್ಟಲೆಯಾಗಿ ಒಂದೆಡೆ ಸೇರಿದಾಗ ಓರಣದ ಪ್ರಶ್ನೆ ಇನ್ನಷ್ಟು ದೊಡ್ಡದಾಗುತ್ತದೆ. ಈ ಪ್ರಶ್ನೆಗೆ ತಮ್ಮ ಬಾಳನ್ನೇ ಮುಡಿಪಾಗಿಟ್ಟ ಮಹನೀಯರು ಎಸ್. ಆರ್. ರಂಗನಾಥನ್. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಜನಿಸಿದ ಅವರು ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಅವರನ್ನು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರನ್ನಾಗಿ ನೇಮಿಸಲಾಯಿತು. ಪಾಠ ಹೇಳಿ ರೂಢಿಯಾಗಿದ್ದ ಅವರಿಗೆ ಆ ಕೆಲಸ ಮೊದಲಿಗೆ ರುಚಿಸಲಿಲ್ಲ. ಅದೇ ವರುಷ ತರಬೇತಿಗಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಗ್ರಂಥಾಲಯಗಳು ಜನರಿಗೆ ಹೇಗೆ ನೆರವಾಗುತ್ತಿವೆ ಎಂಬುದನ್ನು ಕಂಡ ಮೇಲೆ ಅವರ ಮನಸ್ಸು ಬದಲಾಯಿತು.

ಪುಸ್ತಕಗಳನ್ನು ವಿಷಯಕ್ಕೆ ಅನುಗುಣವಾಗಿ ಜೋಡಿಸುವ ಪದ್ಧತಿಗಳು ಆ ಹೊತ್ತಿಗೆ ಬಳಕೆಯಲ್ಲಿದ್ದವು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿಯೇ ಜ್ಞಾನವನ್ನು ಹತ್ತು ಮುಖ್ಯ ವರ್ಗಗಳಾಗಿ ವಿಂಗಡಿಸಿ ದಶಮಾಂಶ ಪದ್ಧತಿಯನ್ನು ಪ್ರಕಟಿಸಿದ್ದನು. ಆದರೆ ಮೊದಲೇ ಸಿದ್ಧಪಡಿಸಿದ ಪಟ್ಟಿಯಲ್ಲಿ ಹೊಸದಾಗಿ ಹುಟ್ಟುವ ವಿಷಯಗಳಿಗೆ ಎಡೆ ದೊರಕಿಸುವುದು ಸುಲಭವಲ್ಲವೆಂದು ರಂಗನಾಥನ್ ಅವರಿಗೆ ತೋರಿತು. ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಮೆಕ್ಯಾನೋ ಎಂಬ ಆಟದ ಸಾಮಾನನ್ನು ಕಂಡರು. ತೂತುಗಳುಳ್ಳ ಕೆಲವೇ ಲೋಹದ ಪಟ್ಟಿಗಳು, ಚಕ್ರಗಳು, ತಿರುಪುಗಳು. ಅವುಗಳನ್ನೇ ಬೇರೆ ಬೇರೆ ಬಗೆಯಲ್ಲಿ ಜೋಡಿಸಿದರೆ ಹೊಸ ಹೊಸ ಆಟಿಕೆಗಳಾಗುತ್ತಿದ್ದವು. ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದಲ್ಲವೆ ಎಂಬ ಆಲೋಚನೆ ಅವರಲ್ಲಿ ಮೂಡಿತು. ಕರ್ನಾಟಕದ ಬತ್ತದ ಬೆಳೆಗೆ ತಗಲುವ ರೋಗಗಳನ್ನು ಕುರಿತ ಪುಸ್ತಕವನ್ನು ತೆಗೆದುಕೊಳ್ಳೋಣ. ಬತ್ತ, ಅದರ ರೋಗ, ಕರ್ನಾಟಕವೆಂಬ ಸ್ಥಳ ಎಂದು ಆ ವಿಷಯಕ್ಕೆ ಹಲವು ಮುಖಗಳಿವೆ. ಪ್ರತಿಯೊಂದು ಮುಖಕ್ಕೂ ಒಂದು ಗುರುತನ್ನು ಕೊಟ್ಟು ಜೋಡಿಸಿದರೆ ಆ ಪುಸ್ತಕಕ್ಕೆ ತಕ್ಕ ಸ್ಥಳ ತಾನಾಗಿಯೇ ಗೊತ್ತಾಗುತ್ತದೆ. ಹೀಗೆ ಜೋಡಿಸಲು ಒಂದರ ಕೆಳಗೊಂದಾಗಿ ಎರಡು ಚುಕ್ಕೆಗಳುಳ್ಳ ಕೋಲನ್ ಚಿಹ್ನೆಯನ್ನು ಬಳಸಿದ್ದರಿಂದ 1933ರಲ್ಲಿ ಪ್ರಕಟವಾದ ಅವರ ಪದ್ಧತಿಗೆ ಕೋಲನ್ ವರ್ಗೀಕರಣವೆಂದು ಹೆಸರಾಯಿತು.

ಇದಕ್ಕೂ ಎರಡು ವರುಷ ಮೊದಲು, 1931ರಲ್ಲಿ, ರಂಗನಾಥನ್ ಗ್ರಂಥಾಲಯಕ್ಕೆ ಸಂಬಂಧಿಸಿದ ಐದು ಸೂತ್ರಗಳನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದ್ದರು. ಪುಸ್ತಕಗಳಿರುವುದು ಬೀಗ ಹಾಕಿ ಕಾಯುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಮೊದಲನೆಯ ಸೂತ್ರದ ತಿರುಳು. ಓದುಗನ ಹೊತ್ತನ್ನು ಉಳಿಸಬೇಕೆಂಬುದು ನಾಲ್ಕನೆಯದರ ತಿರುಳು. ಗ್ರಂಥಾಲಯ ಸದಾ ಬೆಳೆಯುವಂಥದು, ಆದ್ದರಿಂದ ಬೆಳವಣಿಗೆಗೆ ಎಡೆಯಿರಬೇಕೆಂಬುದು ಐದನೆಯದರ ತಿರುಳು. ಇವು ಗ್ರಂಥಾಲಯಕ್ಕೆ ಮಾತ್ರ ಸಲ್ಲುವ ಮಾತುಗಳಲ್ಲ. ಮನೆಯ ಕಪಾಟಿಗೂ ಕಚೇರಿಯ ಮೇಜಿಗೂ ಅಷ್ಟೇ ಸಲ್ಲುತ್ತವೆ. ಓರಣ ಯಾರಿಗಾಗಿ ಎಂದು ಕೇಳಿದರೆ ರಂಗನಾಥನ್ ಅವರ ಉತ್ತರ ಸ್ಪಷ್ಟವಾಗಿದೆ: ನಾಳೆ ಬಂದು ಹುಡುಕುವವನಿಗಾಗಿ. ಅವನು ಯಾರೆಂಬುದು ಜೋಡಿಸುವವನಿಗೆ ತಿಳಿದಿರುವುದಿಲ್ಲ. ಆದರೂ ಅವನ ಹೊತ್ತು ಬೆಲೆಯುಳ್ಳದ್ದು. ರಂಗನಾಥನ್ ತಮ್ಮ ಕೊನೆಯ ವರುಷಗಳನ್ನು ಬೆಂಗಳೂರಿನಲ್ಲಿ ಕಳೆದರು; 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆಗೂ ತರಬೇತಿಗೂ ಮೀಸಲಾದ ಕೇಂದ್ರವೊಂದನ್ನು ಸ್ಥಾಪಿಸಿದರು; 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಬೇಡವಾದುದನ್ನು ಕಳೆಯಬೇಕೆಂಬ ಮಾತಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಹಳೆಯದೆಲ್ಲ ಕಸವಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದು ಬಂದಿತು. ನೋಡುವವರ ಕಣ್ಣಿಗೆ ಅದು ಒಣಗಿದ ಎಲೆಗಳ ಕಟ್ಟು. ಆದರೆ ಅಲ್ಲಿದ್ದ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು 1905ರಲ್ಲಿ ಗುರುತಿಸಿದರು. ಅದುವರೆಗೆ ಇತರ ಗ್ರಂಥಗಳಲ್ಲಿ ಬರುವ ಉಲ್ಲೇಖಗಳಿಂದ ಮಾತ್ರ ಪರಿಚಿತವಾಗಿದ್ದ ಆ ಕೃತಿ 1909ರಲ್ಲಿ ಅಚ್ಚಾಗಿ ಲೋಕಕ್ಕೆ ಮರಳಿತು. ಆ ಕಟ್ಟನ್ನು ಹಳೆಯ ಗರಿಗಳೆಂದು ಯಾರಾದರೂ ಒಲೆಗೆ ಹಾಕಿದ್ದರೆ ಆಗುತ್ತಿದ್ದ ಹಾನಿಯನ್ನು ಊಹಿಸುವುದು ಕಷ್ಟವಲ್ಲ. ಅಷ್ಟೇ ಅಲ್ಲ, ಅದನ್ನು ಯಾರೂ ಬಿಚ್ಚಿ ನೋಡದೆ ಹಾಗೆಯೇ ಇಟ್ಟಿದ್ದರೂ ಲೋಕಕ್ಕೆ ಅದು ಇಲ್ಲದಂತೆಯೇ ಆಗುತ್ತಿತ್ತು. ಕಣ್ಣುಮುಚ್ಚಿ ಎಸೆಯುವುದು ಎಷ್ಟು ತಪ್ಪೋ, ಕಣ್ಣುಮುಚ್ಚಿ ಕೂಡಿಡುವುದೂ ಅಷ್ಟೇ ತಪ್ಪು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಜಮೀನಿನ ಪತ್ರವಿರಬಹುದು, ಅಜ್ಜನ ಕೈಬರಹವಿರಬಹುದು. ನೋಡಿ, ಓದಿ, ತಿಳಿದವರನ್ನು ಕೇಳಿ, ಆಮೇಲೆ ತೀರ್ಮಾನಿಸಬೇಕು. ಓರಣಕ್ಕೆ ವಿವೇಕವೇ ಬುನಾದಿ.

ಕಚೇರಿಗಳಲ್ಲಿ ಈ ವಿವೇಕಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಅಲ್ಲಿ ಬಳಕೆಯಲ್ಲಿರುವ 'ಕಡತ' ಎಂಬ ಮಾತೇ ಬಹಳ ಹಳೆಯದು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಕಪ್ಪಗೆ ಮಾಡಿ, ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಬಟ್ಟೆಯ ಪುಸ್ತಕಕ್ಕೆ ಕಡತವೆಂದು ಹೆಸರಿತ್ತು. ಇಂದು ಅದೇ ಹೆಸರಿನ ಕಾಗದದ ಕಟ್ಟಿನಲ್ಲಿ ಜನರ ಬದುಕೇ ಅಡಗಿರುತ್ತದೆ. ವಿಧವೆಯೊಬ್ಬಳ ಪಿಂಚಣಿಯ ಅರ್ಜಿ, ವಿದ್ಯಾರ್ಥಿಯ ವೇತನದ ಮಂಜೂರಾತಿ, ರೈತನ ಜಮೀನಿನ ದಾಖಲೆ ತಪ್ಪಾದ ಕಟ್ಟಿನಲ್ಲಿ ಸೇರಿದರೆ ಅದು ಕಳೆದುಹೋದಂತೆಯೇ. ನೌಕರನಿಗೆ ಅದು ಒಂದು ಹಾಳೆ. ಕಚೇರಿಯ ಹೊರಗೆ ಕಾದು ನಿಂತವಳಿಗೆ ಅದು ಮುಂದಿನ ತಿಂಗಳ ಅನ್ನ. "ಕಡತ ಸಿಕ್ಕಿಲ್ಲ, ನಾಳೆ ಬಾ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಕೆಟ್ಟ ಮನಸ್ಸಿರುವುದಿಲ್ಲ. ಓರಣದ ಕೊರತೆ ಮಾತ್ರ ಇರುತ್ತದೆ. ಆದರೆ ಬಸ್ಸಿನ ದುಡ್ಡು ಹೊಂದಿಸಿಕೊಂಡು ಬಂದವಳಿಗೆ ಎರಡರ ಫಲವೂ ಒಂದೇ.

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಓರಣ ಪ್ರಾಣದ ಪ್ರಶ್ನೆಯಾಗುತ್ತದೆ. ಅಲ್ಲಿ ಉಪಕರಣಗಳನ್ನೂ ಸೂಜಿಗಳನ್ನೂ ರಕ್ತ ಹೀರುವ ಬಟ್ಟೆಯ ತುಂಡುಗಳನ್ನೂ ಎಣಿಸಿ ಇಟ್ಟಿರುತ್ತಾರೆ. ಚಿಕಿತ್ಸೆ ಮುಗಿದು ರೋಗಿಯನ್ನು ಹೊರಗೆ ಕರೆದೊಯ್ಯುವ ಮುನ್ನ ಆ ಎಣಿಕೆ ಸರಿಹೊಂದಬೇಕು. ಒಂದು ತುಂಡು ಕಡಮೆಯಾದರೂ ಅದು ರೋಗಿಯ ದೇಹದೊಳಗೆ ಉಳಿದಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಈ ಎಣಿಕೆಯೂ ಸೇರಿದೆ. ನುರಿತ ವೈದ್ಯರಿಗೂ ಪಟ್ಟಿ ಏಕೆ ಬೇಕು ಎಂದರೆ, ಮರೆವು ಜಾಣರನ್ನೂ ಬಿಡುವುದಿಲ್ಲ.

ಕಾರ್ಖಾನೆಗಳಲ್ಲಿ ಓರಣವನ್ನು ಒಂದು ಶಿಸ್ತಾಗಿ ಬೆಳೆಸಿದವರು ಜಪಾನಿನ ಜನ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಲ್ಲಿ ರೂಢಿಗೆ ಬಂದ ಪದ್ಧತಿಯನ್ನು ಐದು ಮಾತುಗಳಲ್ಲಿ ಹೇಳುತ್ತಾರೆ: ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಬೇಕು ಬೇಡಗಳನ್ನು ಬೇರ್ಪಡಿಸುವುದು, ಬೇಕಾದುದನ್ನು ತಕ್ಕ ಸ್ಥಳದಲ್ಲಿಡುವುದು, ಕೆಲಸದ ಜಾಗವನ್ನು ಶುಚಿಯಾಗಿಡುವುದು, ಈ ಮೂರನ್ನೂ ಎಲ್ಲರೂ ಒಂದೇ ಬಗೆಯಲ್ಲಿ ಪಾಲಿಸುವಂತೆ ಕ್ರಮಗೊಳಿಸುವುದು, ಕೊನೆಗೆ ಇದನ್ನು ಯಾರೂ ಹೇಳದೆ ನಡೆಯುವ ಅಭ್ಯಾಸವಾಗಿಸುವುದು ಎಂದು ಇವುಗಳ ಅರ್ಥ. ಕೊನೆಯದೇ ಎಲ್ಲಕ್ಕಿಂತ ಕಠಿಣವಾದುದು. ಒಂದು ದಿನ ಶ್ರಮಪಟ್ಟು ಮನೆಯನ್ನು ಓರಣಗೊಳಿಸುವುದು ಎಲ್ಲರಿಂದಲೂ ಸಾಧ್ಯ. ಅದು ಹದಿನೈದನೆಯ ದಿನವೂ ಹಾಗೆಯೇ ಉಳಿಯುವುದು ಅಭ್ಯಾಸವಿದ್ದವರಿಂದ ಮಾತ್ರ ಸಾಧ್ಯ.

ದೊಡ್ಡ ಪ್ರತಿಭಾವಂತರಿಗೆ ಓರಣದ ಹಂಗಿಲ್ಲ ಎಂದು ಕೆಲವರು ವಾದಿಸುವುದುಂಟು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆಯಿಂದ ಮರಳಿ ಬಂದಾಗ ಪ್ರಯೋಗಶಾಲೆಯಲ್ಲಿ ಬಿಟ್ಟುಹೋಗಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದು, ಅದರ ಸುತ್ತಲಿನ ರೋಗಾಣುಗಳು ನಾಶವಾಗಿದ್ದವು. ಪೆನಿಸಿಲಿನ್ನಿನ ಕಥೆ ಆರಂಭವಾದುದು ಹೀಗೆ. ಇದು ನಿಜ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಬೂಷ್ಟಿನಿಂದ ರೋಗಿಗೆ ಕೊಡಬಲ್ಲ ಔಷಧವನ್ನು ಪಡೆಯಲು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೇನ್ ಮತ್ತು ಅವರ ಸಹೋದ್ಯೋಗಿಗಳು ವರುಷಗಟ್ಟಲೆ ಕ್ರಮಬದ್ಧವಾಗಿ ದುಡಿಯಬೇಕಾಯಿತು. 1941ರಲ್ಲಿ ಮೊದಲ ರೋಗಿಗಳಿಗೆ ಅದನ್ನು ಕೊಟ್ಟು ನೋಡುವಂತಾಯಿತು. ಅದೃಷ್ಟ ಒಮ್ಮೊಮ್ಮೆ ಹರಡಿದ ಮೇಜಿಗೂ ಬರಬಹುದು. ಅದನ್ನು ಜನರಿಗೆ ಉಪಯೋಗವಾಗುವಂತೆ ಮಾಡಲು ಕ್ರಮವಾದ ದುಡಿಮೆ ಬೇಕು.

ಇನ್ನು ಮನೆಯ ಓರಣ ಯಾರ ಹೊಣೆ? ಬಹು ಮನೆಗಳಲ್ಲಿ ಅದು ತಾಯಿಯ ಹೊಣೆಯೆಂದೇ ಎಲ್ಲರೂ ಭಾವಿಸಿದ್ದಾರೆ. ಮಗ ಬಿಸುಟ ಬಟ್ಟೆಯನ್ನು ಅವಳು ಎತ್ತಿಡಬೇಕು. ತಂದೆ ಮರೆತ ಕನ್ನಡಕವನ್ನು ಅವಳು ಹುಡುಕಿ ಕೊಡಬೇಕು. ಮಗಳ ಲೇಖನಿ ಎಲ್ಲಿದೆಯೆಂಬುದು ಅವಳಿಗೆ ಗೊತ್ತಿರಬೇಕು. ತಾನು ತೆಗೆದುದನ್ನು ತಾನೇ ಮರಳಿ ಇಡದವನು ಆ ಕೆಲಸವನ್ನು ಮತ್ತೊಬ್ಬರ ದಿನದಿಂದ ಕಸಿದುಕೊಳ್ಳುತ್ತಾನೆ. ಹೀಗೆ ದಿನದಿನವೂ ಕಸಿದುಕೊಂಡ ಹೊತ್ತನ್ನೆಲ್ಲ ಕೂಡಿಸಿದರೆ ಆ ತಾಯಿ ಒಂದು ಪುಸ್ತಕವನ್ನು ಓದಬಹುದಾಗಿತ್ತು, ಇಲ್ಲವೆ ಒಂದಿಷ್ಟು ವಿಶ್ರಮಿಸಬಹುದಾಗಿತ್ತು.

ವಿದ್ಯಾರ್ಥಿಗಳು ಓರಣವನ್ನು ಕಲಿಯಲು ದೊಡ್ಡ ಏರ್ಪಾಟು ಬೇಕಾಗಿಲ್ಲ. ರಾತ್ರಿ ಮಲಗುವ ಮುನ್ನ ಮರುದಿನದ ವೇಳಾಪಟ್ಟಿಯಂತೆ ಚೀಲವನ್ನು ಸಿದ್ಧಪಡಿಸಿಟ್ಟುಕೊಂಡರೆ ಮುಂಜಾನೆಯ ಗಡಿಬಿಡಿ ಅರ್ಧ ಕಡಮೆಯಾಗುತ್ತದೆ. ವಾರಕ್ಕೊಮ್ಮೆ ಚೀಲವನ್ನು ಬರಿದುಮಾಡಿ ನೋಡಿದರೆ ಹೊತ್ತು ತಿರುಗುತ್ತಿದ್ದ ಬೇಡದ ಭಾರ ಎಷ್ಟೆಂಬುದು ತಿಳಿಯುತ್ತದೆ. ವರುಷದ ಕೊನೆಯಲ್ಲಿ ಓದಿ ಮುಗಿಸಿದ ಪಠ್ಯಪುಸ್ತಕಗಳನ್ನು ಕೆಳಗಿನ ತರಗತಿಯಿಂದ ಬರುವವರಿಗೆ ಕೊಡಬಹುದು. ಮೊಬೈಲ್ ಫೋನಿನಲ್ಲಿ ಸಾವಿರಾರು ಚಿತ್ರಗಳನ್ನು ತುಂಬಿಕೊಂಡು, ಬೇಕಾದ ಒಂದು ಅಂಕಪಟ್ಟಿಯ ಚಿತ್ರ ಸಿಕ್ಕದೆ ಪರದಾಡುವುದೂ ಅಟ್ಟದ ಮೇಲಿನ ರಾಶಿಯಲ್ಲಿ ಹುಡುಕುವುದೂ ಒಂದೇ. ಅಲ್ಲಿಯೂ ಬೇಕು ಬೇಡಗಳ ವಿಂಗಡಣೆ ಅಗತ್ಯ. ಪ್ರಯೋಗಶಾಲೆಯ ಸೀಸೆಯನ್ನಾಗಲಿ, ಗ್ರಂಥಾಲಯದ ಪುಸ್ತಕವನ್ನಾಗಲಿ ತೆಗೆದ ಸ್ಥಳದಲ್ಲಿಯೇ ಮರಳಿ ಇಡುವ ವಿದ್ಯಾರ್ಥಿ, ತಾನು ಎಂದೂ ಕಾಣದ ಮತ್ತೊಬ್ಬ ವಿದ್ಯಾರ್ಥಿಗೆ ಮೌನವಾಗಿ ಉಪಕಾರ ಮಾಡಿದಂತೆ.

ಮಳೆಗಾಲದ ಆ ರಾತ್ರಿಯಲ್ಲಿ ಕತ್ತಲೆಯೊಳಗೆ ನಡೆದುಹೋದ ಅಜ್ಜಿಯ ಕೈಗೆ ಬೆಂಕಿಪೊಟ್ಟಣ ಸಿಕ್ಕಿದ್ದು ಆಕಸ್ಮಿಕವಲ್ಲ. ಸಂಜೆ ಒಲೆ ಹಚ್ಚಿದ ಮೇಲೆ ಯಾರೋ ಅದನ್ನು ಮರಳಿ ಗೂಡಿನಲ್ಲಿಟ್ಟಿದ್ದರು. ಸೊಸೆಯೋ ಮೊಮ್ಮಗನೋ, ಯಾರಾದರೂ ಆಗಿರಬಹುದು. ಇಟ್ಟವರಿಗೆ ಅದು ನೆನಪಿನಲ್ಲಿಯೂ ಉಳಿದಿರಲಾರದು. ಆದರೆ ದೀಪ ಆರಿದಾಗ ಮನೆಯನ್ನು ಬೆಳಗಿದ್ದು ಅವರ ಆ ಸಣ್ಣ ಕೆಲಸವೇ.